ಖಾಲಿ ಗಾಡಿಯ ಅಳತೆ

2025ರ ಜುಲೈ 14, ಸೋಮವಾರ. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ರಿಂಗ್ ರೋಡಿನ ಸಂಚಾರ ಠಾಣೆಗೆ ಅಮೀನಪ್ಪ ಎಂಬಾತ ಟೈಪ್ ಮಾಡಿದ ಒಂದು ದೂರು ಹಿಡಿದು ಬಂದ. ಯಾದಗಿರಿ ಕಡೆಯವನು. ಕೆಂಗೇರಿ ಉಪನಗರದ ಹಿಂದಿನ ಶೀಟು ಮನೆಯೊಂದರಲ್ಲಿ ಬಾಡಿಗೆಗಿದ್ದ, ಸೆಂಟ್ರಿಂಗ್ ಕೆಲಸ. ಅಂಗಿಯ ತುಂಬ ಒಣಗಿದ ಸಿಮೆಂಟು. ಕೆಲಸದ ಜಾಗದಿಂದಲೇ ಆಸ್ಪತ್ರೆಗೆ ಓಡಿದ್ದ, ಆಸ್ಪತ್ರೆಯಿಂದ ಶವಾಗಾರಕ್ಕೆ, ಶವಾಗಾರದಿಂದ ಇಲ್ಲಿಗೆ.

ಅಂದು ಬೆಳಗ್ಗೆ ಎಂಟರ ಸುಮಾರಿಗೆ ನಾಗರಬಾವಿ ಇಳಿಜಾರಿನಲ್ಲಿ, ಗಾರ್ಮೆಂಟ್ಸ್ ಹೆಂಗಸರನ್ನು ಫ್ಯಾಕ್ಟರಿಗೆ ಒಯ್ಯುತ್ತಿದ್ದ ವ್ಯಾನು ರಸ್ತೆಬದಿಯ ಕಬ್ಬಿಣದ ಬೇಲಿಗೆ ಹೊಡೆದಿತ್ತು. ಬಾಗಿಲ ಪಕ್ಕ ಕೂತಿದ್ದ ಅಮೀನಪ್ಪನ ಹೆಂಡತಿ ಮುತ್ತವ್ವ ಹೊರಗೆ ಬಿದ್ದು ಅಲ್ಲೇ ಸತ್ತಿದ್ದಳು. ವ್ಯಾನ್ ಓಡಿಸುತ್ತಿದ್ದವನು ವೀರೇಶ, ಮುತ್ತವ್ವನ ಒಡಹುಟ್ಟಿದ ತಮ್ಮ.

ಇನ್ಸ್‌ಪೆಕ್ಟರ್ ಗುರುಬಸಪ್ಪ ದೂರನ್ನು ಗಟ್ಟಿಯಾಗಿ ಓದಿದರು. "‘ಸದರಿ ಚಾಲಕನು ನಿದ್ದೆಯ ಮಂಪರಿನಲ್ಲಿ, ಅತಿವೇಗ ಹಾಗೂ ಅಜಾಗರೂಕತೆಯಿಂದ ವಾಹನವನ್ನು ಚಲಾಯಿಸಿದ್ದರ ಪರಿಣಾಮ...’ ಇದು ನೀವು ಬರೆದದ್ದಾ?"

"ಇಲ್ರಿ ಸಾಹೇಬ್ರ. ಗಾಡಿ ಮಾಲಕರ ಕಡಿಯವ್ರು ಬರಸಿ ಕೊಟ್ರಿ."

"ಓದಿ ಹೇಳಿದ್ರಾ?"

"ವೀರೇಶ್ಯಾ ನಿದ್ದಿ ಹೊಡ್ದಾನ, ಅದಕ್ಕ ಹಿಂಗಾತು ಅಂದ್ರಿ. ಸೈ ಮಾಡು ಅಂದ್ರು."

"ನಿಮಗೇನು ಅನ್ಸುತ್ತೆ?"

ಅಮೀನಪ್ಪ ಬಾಗಿಲ ಕಡೆ ನೋಡಿದ. "ನನಗೇನ್ ಅನಸ್ತೈತ್ರಿ. ಆಕಿ ಹ್ವಾದ್ಲು. ಅಂವ ಅದಾನ."

ಈ ಊರಿನ ರಸ್ತೆಗಳಲ್ಲಿ ಸಾಯುವವರೆಲ್ಲ ಒಂದೇ ವಾಕ್ಯದಲ್ಲಿ ಸಾಯುತ್ತಾರೆ. ಅತಿವೇಗ, ಅಜಾಗರೂಕತೆ, ಸದರಿ ಚಾಲಕ. ಕಾಲಿಟ್ಟಲ್ಲೆಲ್ಲ ಹಳ್ಳ ಬಿಟ್ಟವರು, ಏಳು ಜನರ ಗಾಡಿಗೆ ಹನ್ನೊಂದು ಜನರನ್ನು ತುರುಕಿದವರು ಆ ವಾಕ್ಯದೊಳಗೆ ಬರುವುದೇ ಇಲ್ಲ. ಆದರೂ ದೂರು ದೂರೇ. ಭಾರತೀಯ ನ್ಯಾಯ ಸಂಹಿತೆಯ ಕಲಂ 281, 125 ಮತ್ತು 106ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿ: ವೀರೇಶ, ಚಾಲಕ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ, ಇನ್ನೂ ಮಾತಾಡುವ ಸ್ಥಿತಿಯಲ್ಲಿಲ್ಲ.

ಸಂಜೆಯ ಬೆಳಕಿರುವಾಗಲೇ ಗುರುಬಸಪ್ಪ, ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮಿ ಮತ್ತು ಇಬ್ಬರು ಪಂಚರು ಸ್ಥಳಕ್ಕೆ ಹೋದರು. ರಸ್ತೆಯಲ್ಲಿ ವ್ಯಾನ್ ಇರಲಿಲ್ಲ. ಬೆಳಗಿನ ಆಫೀಸ್ ಹೊತ್ತು, ಹಿಂದೆ ಕಿಲೋಮೀಟರುಗಟ್ಟಲೆ ಜಾಮ್. ಗಸ್ತಿನವರೇ "ಮೊದಲು ಸೈಡಿಗೆ ಹಾಕ್ರೀ" ಎಂದಿದ್ದರು. ಮಾಲೀಕರ ಕಡೆಯವರು ಎಳೆದುಕೊಂಡು ಹೋಗಿ ಒಳರಸ್ತೆಯ ಖಾಲಿ ಸೈಟಿನ ಪಕ್ಕ ನಿಲ್ಲಿಸಿದ್ದರು. ಮಧ್ಯಾಹ್ನದವರೆಗೆ ಅದಕ್ಕೆ ಕಾವಲಿರಲಿಲ್ಲ. ಒಂದು ಹೆಣ ಬಿದ್ದ ಜಾಗವನ್ನು ಕಾಯುವುದಕ್ಕಿಂತ ಈ ಊರಿಗೆ ಸಿಗ್ನಲ್ ದಾಟುವುದು ಮುಖ್ಯ.

ವ್ಯಾನಿನ ಎಡಮಗ್ಗುಲು ನಜ್ಜಾಗಿತ್ತು. ನಾಲ್ಕೂ ಚಕ್ರ ನೆಟ್ಟಗಿದ್ದವು. ಕಪ್ಪು ಉಕ್ಕಿನ ರಿಮ್ಮು, ಕಂಪನಿಯಿಂದ ಬಂದ ಹದಿಮೂರು ಇಂಚಿನವು. ಟೈರಿನಲ್ಲಿ ಗಾಳಿ ಭರ್ತಿ.

ಮಾಲೀಕ ಚನ್ನಕೇಶವರ ಮಗ ಯಶ್ವಂತ್ ಅಲ್ಲೇ ಕಾದಿದ್ದ. ನಾಗರಬಾವಿಯ ಹಳೇ ಊರಿನ ಮನೆತನ. ಅಪ್ಪನ ಹೆಸರಲ್ಲಿ ಫ್ಯಾಕ್ಟರಿಗೆ ವ್ಯಾನ್ ಓಡಿಸುವ ಗುತ್ತಿಗೆ. ಈ ವ್ಯಾನು ಮಾತ್ರ ಮಗನದು.

"ಸಾರ್, ನೀವೇ ನೋಡಿ. ಟೈರ್ ಚೆನ್ನಾಗಿದೆ, ಬ್ರೇಕ್ ಚೆನ್ನಾಗಿದೆ. ಮಲಗಿಬಿಟ್ಟಿದಾನೆ. ರಾತ್ರಿಯೆಲ್ಲ ಮೊಬೈಲ್ ನೋಡ್ತಾರೆ, ಬೆಳಗ್ಗೆ ಬಂದು ಗಾಡಿ ಹತ್ತುತಾರೆ. ಎಷ್ಟು ಸಲ ಹೇಳೋದು?"

"ಗಾಡಿ ಇಷ್ಟು ತಗ್ಗಿದೆಯಲ್ಲ?"

"ಸ್ವಲ್ಪ ಇಳಿಸಿದೀನಿ ಸಾರ್. ಶೋಗೆ."

"ಯಾವ ಶೋ?"

"ಭಾನುವಾರ ಗಾಡಿಗಳ ಮೀಟ್ ಇರುತ್ತೆ ಸಾರ್. ಅವತ್ತಿಗೆ ಅಲಾಯ್ ವೀಲ್ ಹಾಕ್ತೀನಿ. ಮುಗಿದ ಮೇಲೆ ಸ್ಟೀಲ್ ವೀಲ್ ವಾಪಸ್. ದುಡಿಯೋ ದಿನ ಅಲಾಯ್ ಹಾಕಲ್ಲ."

ಲಕ್ಷ್ಮಿ ಅಷ್ಟರಲ್ಲಿ ಇಳಿಜಾರಿನ ಮೇಲಕ್ಕೆ ನಡೆದಿದ್ದರು. ಎಡ ಲೇನಿನಲ್ಲಿ ಡಾಂಬರನ್ನು ನೇಗಿಲು ಹೂಡಿದ ಹಾಗೆ ಒಂದು ಗೀರು. ಅದು ಬಾಗಿ ಬಾಗಿ ಕಬ್ಬಿಣದ ಬೇಲಿಯವರೆಗೆ ಹೋಗಿತ್ತು. ಗೀರಿನ ಅಂಚಿನಲ್ಲಿ ಅಲ್ಲಲ್ಲಿ ಬೆಳ್ಳಿ ಬಣ್ಣದ ಲೋಹದ ಚೂರು ಮಿನುಗುತ್ತಿತ್ತು. ಲಕ್ಷ್ಮಿ ಅದನ್ನು ಕವರಿಗೆ ಹಾಕಿ ತಂದರು.

"ಸಾರ್, ರಿಮ್ಮು ನೆಲಕ್ಕೆ ತಾಗಿ ಉಳಿದಿರೋ ಗುರುತು. ಇಲ್ಲಿರೋದು ಕಪ್ಪು ರಿಮ್ಮು."

"ಪಂಚನಾಮೆಯಲ್ಲಿ ಬರೀರಿ."

"ರಿಂಗ್ ರೋಡಲ್ಲಿ ದಿನಕ್ಕೆ ಸಾವಿರ ಗಾಡಿ ಓಡುತ್ತೆ ಮೇಡಂ," ಯಶ್ವಂತ್ ನಕ್ಕ. "ಯಾವುದರದ್ದೋ."

"ಇರಬಹುದು," ಎಂದರು ಲಕ್ಷ್ಮಿ. ಬರೆದರು.

ಮರುದಿನ ವೀರೇಶನಿಗೆ ಎಚ್ಚರವಾಗಿತ್ತು. ಕಾಲಿಗೆ ಪ್ಲಾಸ್ಟರು. ಮಂಚದ ಪಕ್ಕ ಕಾನ್‌ಸ್ಟೆಬಲ್ ಒಬ್ಬ ಸ್ಟೂಲಿನ ಮೇಲೆ. ಗುರುಬಸಪ್ಪ ಕುರ್ಚಿ ಎಳೆದುಕೊಳ್ಳುವ ಮೊದಲೇ ಅವನ ಪ್ರಶ್ನೆ ಬಂತು.

"ಅಕ್ಕನ ಮಣ್ಣ ಆತೇನ್ರಿ?"

"ಊರಿಗೆ ಒಯ್ದಿದಾರೆ. ಇವತ್ತು."

ವೀರೇಶ ಗೋಡೆಗೆ ಮುಖ ತಿರುಗಿಸಿದ. ಗುರುಬಸಪ್ಪ ಅವಸರ ಮಾಡಲಿಲ್ಲ. ಅವರೂ ಕೊಪ್ಪಳದ ಕಡೆಯವರು. ಮಣ್ಣಿಗೆ ಹೋಗಲಾಗದವನ ಬೆನ್ನು ಹೇಗಿರುತ್ತದೆಂದು ಅವರಿಗೆ ಗೊತ್ತು.

"ನಿದ್ದೆ ಬಂದಿತ್ತಾ?"

"ಇಲ್ರಿ."

"ಮತ್ತೇನಾಯ್ತು?"

"ಹಿಂದಿನ ಎಡಗಡಿ ಗಾಲಿ ಢಂ ಅಂತು. ಗಾಡಿ ಎಡಕ್ಕ ಜಗ್ಗಿತು. ಸ್ಟೇರಿಂಗ್ ಹಿಡದೆ, ನಿಲ್ಲಲಿಲ್ಲ."

"ನಾಲ್ಕೂ ಟೈರು ಚೆನ್ನಾಗಿವೆಯಲ್ಲಪ್ಪ. ನಾನೇ ನೋಡಿದೀನಿ."

"ಯಾವ ಟೈರ್ ನೋಡೀರಿ?"

"ಕಪ್ಪು ರಿಮ್ಮಿನವು."

ವೀರೇಶ ತಲೆ ತಿರುಗಿಸಿದ. "ಅವು ಯುಗಾದಿಯಿಂದ ಗಾಡಿಗೇ ಇಲ್ರಿ! ಬೆಳ್ಳಿ ಗಾಲಿ ಅದಾವ, ದೊಡ್ಡವು. ಟೈರು ಇಷ್ಟ ಇಷ್ಟ," ಎರಡು ಬೆರಳಲ್ಲಿ ಸಣ್ಣ ಅಳತೆ ತೋರಿಸಿದ. "ರಿಮ್ಮಿಗಿ ಪಟ್ಟಿ ಸುತ್ತಿದಂಗ. ನಾ ಯಶ್ವಂತಣ್ಣಗ ಹೇಳೀನ್ರಿ, ಮಂದಿ ಕುಂತ್ರ ಗಾಲಿ ಹಪ್ಪಳ ಆಕ್ಕಾವ ಅಂತ. ‘ಹಳ್ಳ ನೋಡ್ಕೊಂಡು ಓಡ್ಸು ಗುರು’ ಅಂದ."

"ಅವನು ಹೇಳೋದು ಭಾನುವಾರ ಮಾತ್ರ ಹಾಕ್ತೀನಿ ಅಂತ."

"ನೀವು ಯಾರ ಮಾತ ಬರಕೋತೀರಿ ಸಾಹೇಬ್ರ?" ಕೇಳಿದ್ದು ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯಬೇಕಿತ್ತು ಅವನಿಗೆ. "ಅಮೀನಪ್ಪ ಮಾವ ನನ್ನ ಮ್ಯಾಲೆ ಬರದಾನಂತಲ್ಲ. ಅಂವ ನಂಬಿದ್ರ ಮುಗೀತು. ಜೇಲ್ ಬ್ಯಾರೆ ಮಾತು. ಅಕ್ಕನ್ನ ನಾನ ಕೊಂದಂಗಾತು."

ಗುರುಬಸಪ್ಪ ಇಬ್ಬರ ಮಾತನ್ನೂ ಬರೆದುಕೊಂಡರು. ಆದರೆ ಒಬ್ಬ ಆರೋಪಿಯ ಮಾತಿನ ಎದುರು ಪಂಚರ ಸಹಿ ಬಿದ್ದ ಪಂಚನಾಮೆಯಿತ್ತು, ಅದರಲ್ಲಿ ನಾಲ್ಕು ಗಟ್ಟಿ ಟೈರುಗಳಿದ್ದವು. ಯಶ್ವಂತನ ಮೊಬೈಲಿನಲ್ಲಿ ಬೆಳ್ಳಿ ಚಕ್ರದ ವ್ಯಾನಿನ ವೀಡಿಯೊಗಳೂ ಸಿಕ್ಕವು, ಎಲ್ಲವೂ ಭಾನುವಾರದವು. ಅವನ ಮಾತಿಗೇ ಬೆಂಬಲ.

ವ್ಯಾನಿನಲ್ಲಿದ್ದ ಹೆಂಗಸರ ಹೇಳಿಕೆ ತೆಗೆದುಕೊಳ್ಳಲು ಲಕ್ಷ್ಮಿ ಕೆಂಗೇರಿಗೆ ಹೋದರು. ಯಾರೂ ಏನೂ ನೋಡಿರಲಿಲ್ಲ. ಒಬ್ಬಳು ಮೊಬೈಲ್ ನೋಡುತ್ತಿದ್ದಳು, ಒಬ್ಬಳು ಮಲಗಿದ್ದಳು, ಒಬ್ಬಳು ಡಬ್ಬಿಯಲ್ಲಿ ತಿಂಡಿ ತಿನ್ನುತ್ತಿದ್ದಳು. ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಪಾರವ್ವ ಮಾತ್ರ ಬಾಗಿಲು ಮುಚ್ಚಲಿಲ್ಲ. ಮುತ್ತವ್ವನ ಪಕ್ಕದ ಮಿಷನ್ನಿನವಳು.

"ಬರ್ರಿ ಅಕ್ಕಾರ, ಕುಂಡ್ರಿ. ನನಗೇನ ಗೊತ್ತಿಲ್ಲ. ಚಾ ಕುಡೀರಿ."

"ಮುತ್ತವ್ವ ದಿನಾ ಬಾಗಿಲ ಹತ್ರಾನೇ ಕೂರ್ತಿದ್ರಾ?"

"ಹೌದ್ರಿ. ಹಂಪ್ ಬಂದ್ರ ಮೊದಲು ಇಳಿಯಾಕಿ ಆಕಿನ."

"ಹಂಪ್ ಬಂದ್ರೆ ಇಳೀತಿದ್ರಾ? ಯಾಕೆ?"

"ಗಾಡಿ ಹೊಟ್ಟಿಗಿ ಗೀರ ಬೀಳಬಾರದಂತ," ಪಾರವ್ವ ಲೋಟ ಮುಂದಿಟ್ಟಳು. "ಯಶ್ವಂತಪ್ಪನ ಹುಕುಂ. ಹಂಪ್ ಬಂತಂದ್ರ ಎಲ್ಲಾರೂ ಇಳೀಬೇಕು, ಖಾಲಿ ಗಾಡಿ ಮೆಲ್ಲಕ ದಾಟಬೇಕು, ನಾವು ನಡಕೋತ ಹೋಗಿ ಮತ್ತ ಹತ್ತಬೇಕು. ಶಾಲಿ ಮುಂದ, ಗುಡಿ ಮುಂದ, ಎಲ್ಲಾ ಕಡೆ. ಆಟೋದವ್ರು ನಗ್ತಿದ್ರು. ಮುತ್ತಿ ಅಂತಿದ್ಲು, ‘ಇಳೀರೇ ಯವ್ವ, ಮಹಾರಾಣಿಗಿ ದಿನ ತುಂಬ್ಯಾವ, ಹೊಟ್ಟಿ ತಾಗ್ತೈತಿ.’ ನಮ್ಮ ಲೈನಿನ್ಯಾಗ ಒಬ್ಬಾಕಿ ಖರೇನ ಬಸರಿ ಇದ್ಲು. ಆಕೀನೂ ಇಳೀಬೇಕು!"

ಪಾರವ್ವ ನಕ್ಕಳು. ನಗು ಅರ್ಧಕ್ಕೆ ನಿಂತಿತು.

"ಸೋಮವಾರ ಗಾಡಿಗೆ ಯಾವ ಚಕ್ರ ಇತ್ತು ಪಾರವ್ವ?"

"ಅದನ್ನ ಕೇಳಬ್ಯಾಡ್ರಿ."

"ಬೆಳ್ಳಿದಾ, ಕಪ್ಪಾ?"

"ಅಕ್ಕಾರ, ನಾಳೆ ನಾನು ಅದ ಫ್ಯಾಕ್ಟರಿಗಿ ಹೋಗಬೇಕು, ಅವರ ಗಾಡ್ಯಾಗ ಕುಂಡ್ರಬೇಕು. ಮುತ್ತಿ ಅಂತೂ ಬರಂಗಿಲ್ಲ." ಬಾಗಿಲ ಹೊರಗೊಮ್ಮೆ ಇಣುಕಿ ಸೇರಿಸಿದಳು, "ನೀವು ಬ್ಯಾರೆ ಏನಾರ ಹಿಡಕೊಂಡು ಬರ್ರಿ. ಆಮ್ಯಾಲೆ ನಾ ಸೈ ಮಾಡ್ತೀನಿ. ಮೊದಲು ನಾ ಮಾಡಂಗಿಲ್ಲ."

ಲಕ್ಷ್ಮಿಗೆ ಸಿಟ್ಟು ಬಂತು, ಪಾರವ್ವನ ಮೇಲಲ್ಲ. ಅಷ್ಟೂ ಹೆಂಗಸರ ಬಾಯಿ ಮುಚ್ಚಿಸಲು ಯಾರೂ ಬೆದರಿಸಬೇಕಾಗಿಯೇ ಇರಲಿಲ್ಲ. ಮರುದಿನ ಬೆಳಗ್ಗೆ ವ್ಯಾನ್ ಬರುತ್ತದೆ ಎನ್ನುವುದೊಂದೇ ಸಾಕಿತ್ತು.

ಬುಧವಾರ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕ ಮೋಹನ್ ಕುಮಾರ್ ಠಾಣೆಯ ಅಂಗಳದಲ್ಲಿ ವ್ಯಾನನ್ನು ಪರೀಕ್ಷಿಸಿದರು. ಬ್ರೇಕು ಸರಿಯಿದೆ. ಸ್ಟೀರಿಂಗು ಸರಿಯಿದೆ. ಸ್ಪ್ರಿಂಗುಗಳನ್ನು ಕತ್ತರಿಸಿ ಗಾಡಿಯನ್ನು ತಗ್ಗಿಸಲಾಗಿದೆ. ಚಕ್ರದ ಮೇಲಿನ ಕಮಾನಿನ ಒಳಅಂಚಿಗೆ ಟಾರ್ಚ್ ಬಿಟ್ಟು ಕರೆದರು.

"ಗುರುಬಸಪ್ಪನವರೇ, ಇಲ್ಲಿ ಬನ್ನಿ. ಅಗಲವಾದ ಟೈರು ಉಜ್ಜಿ ಬಣ್ಣ ಕಿತ್ತಿದೆ. ಮೇಲೆ ತುಕ್ಕು ಹಿಡಿದಿದೆ, ಅಂದರೆ ಹಳೇದು. ಒಂದು ಕಾಲದಲ್ಲಿ ಅಗಲದ ಟೈರು ಹಾಕಿ, ಉಜ್ಜುತ್ತೆ ಅಂತ ತೆಗೆದಿದಾರೆ."

"ಸೋಮವಾರ ಯಾವುದಿತ್ತು?"

"ಅದನ್ನ ನನ್ನ ವರದಿ ಹೇಳಲ್ಲ."

ಕಪ್ಪು ಚಕ್ರಗಳನ್ನು ಬಿಚ್ಚಿ ನೆಲಕ್ಕೆ ಮಲಗಿಸಿದ್ದರು. ಹೊರಮೈಯನ್ನು ಯಾರೋ ಮೊದಲೇ ತೊಳೆದಿದ್ದರು, ಫಳಫಳ ಹೊಳೆಯುತ್ತಿತ್ತು. ಲಕ್ಷ್ಮಿ ಒಂದನ್ನು ಮಗುಚಿದರು. ರಿಮ್ಮಿನ ಹಿಂಬದಿಯ ತಗ್ಗಿನಲ್ಲಿ ಮುಷ್ಟಿಯಷ್ಟು ಮಣ್ಣು ಅಂಟಿತ್ತು. ಉಗುರಲ್ಲಿ ಕೆರೆದು ಮೂಗಿನ ಹತ್ತಿರ ತಂದರು, ಮತ್ತೊಮ್ಮೆ ತಂದರು.

"ಏನಮ್ಮಾ, ರಸ್ತೆ ಮಣ್ಣು ಮೂಸ್ತಾ ಇದೀರ?" ಮೋಹನ್ ಕುಮಾರ್ ಕೇಳಿದರು.

"ರಸ್ತೆ ಮಣ್ಣಲ್ಲಿ ಬೇರು ಬಿಡುತ್ತಾ ಸಾರ್?"

ಮಣ್ಣಿನೊಳಗೆ ನೂಲಿನಂಥ ಬಿಳಿ ಬೇರುಗಳಿದ್ದವು. ಜೊತೆಗೆ ಅಪ್ಪಚ್ಚಿಯಾದ ಒಂದು ದಪ್ಪ ಎಲೆ. ಗುರುಬಸಪ್ಪನವರೂ ಮೂಸಿದರು. ದೊಡ್ಡಪತ್ರೆ. ಬೆಂಗಳೂರಿನ ಹಳೇ ಮನೆಗಳ ಹಿತ್ತಿಲಲ್ಲಿ ಒಡೆದ ಬಕೆಟ್ಟು, ಹಳೇ ಟೈರು, ಸಿಕ್ಕಿದ್ದರಲ್ಲೆಲ್ಲ ಅಜ್ಜಿಯರು ನೆಡುವ ಗಿಡ. ಮಗುವಿಗೆ ಕೆಮ್ಮು ಬಂದರೆ ರಸ, ಮಧ್ಯಾಹ್ನಕ್ಕೆ ತಂಬುಳಿ.

"ನಾಲ್ಕರಲ್ಲೂ ಇದೆ ಸಾರ್," ಲಕ್ಷ್ಮಿ ಕೊನೆಯ ಚಕ್ರ ಮಗುಚಿದರು. "ಇವು ಕೆಂಗೇರಿಯಿಂದ ನಾಗರಬಾವಿವರೆಗೆ ಉರುಳಿದ್ರೆ ಈ ಹಸಿ ಮಣ್ಣು ಒಳಗೆ ನಿಲ್ತಿತ್ತಾ?"

ಮೋಹನ್ ಕುಮಾರ್ ಟಾರ್ಚ್ ಆರಿಸಿದರು. "ಮೊದಲನೇ ಹಳ್ಳಕ್ಕೇ ಉದುರ್ತಿತ್ತು. ಇದನ್ನ ನನ್ನ ವರದಿಯಲ್ಲಿ ಬರೀತೀನಿ."

ಅದೇ ದಿನ ಲಕ್ಷ್ಮಿ ಹಳೇ ಊರಿಗೆ ಹೋದರು. ಚನ್ನಕೇಶವರ ಮನೆ ಈಗ ನಾಲ್ಕಂತಸ್ತು. ಮೇಲಿನ ಮೂರರಲ್ಲಿ ಲಾ ಕಾಲೇಜಿನ ಹುಡುಗರು ಬಾಡಿಗೆಗೆ. ಕೆಳಗೆ, ಹಿಂದಿನ ಅಂಗಳದಲ್ಲಿ ಚನ್ನಕೇಶವರ ತಾಯಿ ಮುನಿತಾಯಮ್ಮ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದರು.

"ಅಜ್ಜಿ, ಒಂಚೂರು ದೊಡ್ಡಪತ್ರೆ ಸಿಗುತ್ತಾ?"

"ಎಲ್ಲಿಂದ ತರ್ಲಿ ತಾಯಿ!" ಮುನಿತಾಯಮ್ಮ ಕಾಳಿನ ಮೊರ ಪಕ್ಕಕ್ಕಿಟ್ಟರು. ಕಾದಿದ್ದ ದೂರು ಅದು. "ನಾಕು ಚಕ್ರದಲ್ಲಿ ಕೊಬ್ಬಿ ಬೆಳ್ಕೊಂಡಿತ್ತು. ನಮ್ಮ ಯಶು ಯುಗಾದೀಲಿ ಗಾಡಿಗೆ ಹೊಸ ಚಕ್ರ ಹಾಕಿಸ್ದ, ಹಳೇವು ಅಜ್ಜಿ ನಿಂಗೇ ಇರ್ಲಿ ಅಂದ. ನಾನೂ ಮಣ್ಣು ತುಂಬಿ ನೆಟ್ಟೆ. ಮೊನ್ನೆ ಸೋಮವಾರ ದಡಬಡ ಅಂತ ಬಂದ, ಜೊತೇಲಿ ಇಬ್ರು. ಚಕ್ರ ಬೋರಲಾಕಿ ಕೊಡವ್ಬುಟ್ಟು ಎತ್ಕೊಂಡೋದ! ‘ಲೋ ಯಶೂ, ಹಸ್ರು ಗಿಡ ಕಣೋ, ಪಾಪ ಬರುತ್ತೆ’ ಅಂತೀನಿ, ತಿರುಗೂ ನೋಡ್ಲಿಲ್ಲ."

ಸಿಮೆಂಟಿನ ನೆಲದ ಮೇಲೆ ನಾಲ್ಕು ದುಂಡನೆಯ ಗುರುತುಗಳಿದ್ದವು, ಸುತ್ತಲಿನದಕ್ಕಿಂತ ಬಿಳಿ. ಗೋಡೆಯ ಮೂಲೆಯಲ್ಲಿ ಮಣ್ಣಿನ ರಾಶಿ, ಅದರ ಮೇಲೆ ಬಾಡುತ್ತಿದ್ದ ಗಿಡಗಳು. ಲಕ್ಷ್ಮಿ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ ಪಂಚರನ್ನು ಕರೆತರಲು ಹೇಳಿದರು. ಹೇಳಿಕೆ ಬರೆಯತೊಡಗಿದಾಗ ಮುನಿತಾಯಮ್ಮ ಪೆನ್ನಿನ ಕಡೆ ನೋಡಿದರು.

"ಗಿಡದ ವಿಷ್ಯನೂ ಬರ್ಕೋತಾರಾ ಪೊಲೀಸ್ನೋರು?"

ಲಕ್ಷ್ಮಿ ಪೆನ್ನು ನಿಲ್ಲಿಸಿದರು. ಸುಮ್ಮನೆ ಬರೆದುಕೊಂಡು ಎದ್ದು ಹೋಗಬಹುದಿತ್ತು. "ನಿಮ್ಮ ಗಾಡಿಯಲ್ಲಿ ಒಬ್ಬರು ತೀರ್ಕೊಂಡಿದಾರೆ ಅಜ್ಜಿ. ಸೋಮವಾರ."

ಮುದುಕಿ ಪೆನ್ನಿನಿಂದ ಕಣ್ಣೆತ್ತಿ ಲಕ್ಷ್ಮಿಯನ್ನು ನೋಡಿದರು. "ಯಾರೂ ಹೇಳ್ಲೇ ಇಲ್ವಲ್ಲ ನಂಗೆ... ಹೆಂಗ್ಸಾ?"

"ಹೂಂ."

"ಮಕ್ಳಿದಾವಾ?"

"ಇಲ್ಲ. ಗಂಡ ಇದಾನೆ. ತಮ್ಮ ಇದಾನೆ."

ಮುನಿತಾಯಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ, "ನಾನು ಹೇಳಿದ್ದು ನಿಜ. ಬರ್ಕೊ," ಎಂದು ಹೆಬ್ಬೆಟ್ಟು ಚಾಚಿದರು.

ಸಂಜೆ ಯಶ್ವಂತನನ್ನು ಠಾಣೆಗೆ ಕರೆಸಿದರು. ವಕೀಲರಿಗೆ ಫೋನ್ ಮಾಡಿಯೇ ಬಂದಿದ್ದ. ಗುರುಬಸಪ್ಪ ಅವನ ಮುಂದೆ ಒಂದು ಬಿಳಿ ಹಾಳೆ, ಒಂದು ಪೆನ್ನು ಇಟ್ಟರು.

"ಟೈರಿನ ಮೇಲೆ ಬರೆದಿರೋ ನಂಬರು ನನಗೆ ಅರ್ಥ ಆಗಲ್ಲ. ಹೇಳಿಕೊಡಿ."

ಯಶ್ವಂತ್ ಅನುಮಾನದಿಂದ ನೋಡಿದ. ಆದರೆ ಕೈ ಆಗಲೇ ಪೆನ್ನು ಎತ್ತಿಕೊಂಡಿತ್ತು. ಅವನ ಮನೆಯಲ್ಲಿ ಇದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

"ಸಿಂಪಲ್ ಸಾರ್. ಕಂಪನಿದು 155, 80, 13. ಮೊದಲನೇದು ಟೈರಿನ ಅಗಲ, ಮಿಲಿಮೀಟರಲ್ಲಿ. ಎರಡನೇದು ಪಕ್ಕದ ರಬ್ಬರ್ ಗೋಡೆ ಎಷ್ಟು ಎತ್ತರ ಅಂತ, ಅಗಲದ ನೂರಕ್ಕೆ ಎಂಬತ್ತು ಭಾಗ. ಹದಿಮೂರು ಅಂದ್ರೆ ರಿಮ್ಮು, ಇಂಚಲ್ಲಿ."

"ದೊಡ್ಡ ರಿಮ್ ಹಾಕಿದ್ರೆ?"

"ರಿಮ್ಮು ಬೆಳೆದಷ್ಟು ರಬ್ಬರ್ ಗೋಡೆ ತಗ್ಗಬೇಕು ಸಾರ್. ಒಟ್ಟು ಎತ್ತರ ಅಷ್ಟೇ ಇರಬೇಕು. ಇಲ್ಲಾಂದ್ರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ." ಎರಡು ವೃತ್ತ ಬರೆದ, ಒಂದರ ಪಕ್ಕ ಒಂದು, ಕೈಯಲ್ಲೇ ಬರೆದರೂ ದುಂಡಗೆ. "ಹದಿನೈದು ಇಂಚಿಗೆ ಕರೆಕ್ಟ್ ಸೈಜು 195, 50. ಎರಡು ಮಿಲಿಮೀಟರ್ ವ್ಯತ್ಯಾಸ ಅಷ್ಟೇ."

"ಅದನ್ನೇ ಹಾಕಿದ್ರಾ?"

"ಮೊದಲು ಹಾಕಿದ್ದೆ. ಗಾಡಿ ಇಳಿಸಿದೀನಲ್ಲ, ಕಮಾನಿಗೆ ಉಜ್ಜುತ್ತೆ. ಅದಕ್ಕೆ 165, 45. ಟೈರು ಸಣ್ಣ, ರಿಮ್ಮು ಅಗಲ, ಎಳೆದು ಕೂರಿಸ್ತೀವಿ. ಗಾಡಿ ನೆಲಕ್ಕೆ ಕೂತಂಗೆ ಕಾಣುತ್ತೆ. ಲುಕ್ಕೇ ಬೇರೆ ಸಾರ್."

"ಸ್ಪ್ರಿಂಗ್ ಎತ್ತರಿಸಿ ಸರಿಯಾದ ಟೈರೇ ಹಾಕಬಹುದಿತ್ತಲ್ಲ."

"ಹಾಕಬಹುದಿತ್ತು." ಮುಖ ಸಪ್ಪಗಾಯಿತು. "ಆಗ ಅದು ಮಾಮೂಲಿ ವ್ಯಾನ್ ಆಗುತ್ತೆ."

"ಕೊನೆಗೆ 68 ಅಂತಲೂ ಬರೆದಿರುತ್ತಲ್ಲ. ಅದೇನು?"

ಪೆನ್ನು ನಿಂತಿತು.

"ಯಶ್ವಂತ್?"

"ಲೋಡ್ ಸಾರ್."

"ಎಷ್ಟು?"

"ಒಂದು ಟೈರಿಗೆ ಮುನ್ನೂರ ಹದಿನೈದು ಕೆಜಿ."

"ಕಂಪನಿ ಟೈರಿಗೆ?"

"ನಾನೂರ ಮೂವತ್ತರ ಮೇಲೆ."

"ಹನ್ನೊಂದು ಜನ ಕೂತರೆ ಹಿಂದಿನ ಟೈರಿಗೆ ಎಷ್ಟು ಬೀಳುತ್ತೆ?"

"ಸಾರ್, ದುಡಿಯೋ ದಿನ ನಾನು ಅಲಾಯ್ ಹಾಕಲ್ಲ ಅಂತ ಹೇಳಿದೀನಿ."

ಗುರುಬಸಪ್ಪ ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮಣ್ಣು, ಬೇರು, ಬಾಡಿದ ಎಲೆ. ಯಶ್ವಂತನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ವಾಸನೆ ತಲುಪಿತು.

"ಅಜ್ಜಿ ಹತ್ರ ಹೋಗಿದ್ರಾ?" ಧ್ವನಿ ಸಣ್ಣದಾಯಿತು.

"ನಿನ್ನ ಕಪ್ಪು ಚಕ್ರ ಯುಗಾದಿಯಿಂದ ಹಿತ್ತಿಲಲ್ಲಿ ಗಿಡ ಹೊತ್ಕೊಂಡಿತ್ತು. ಬೆಳ್ಳಿ ಚಕ್ರ ಎಲ್ಲಿ?"

‘ನೀವು’ ಹೋಗಿ ‘ನೀನು’ ಬಂದದ್ದನ್ನು ಯಶ್ವಂತ್ ಗಮನಿಸಿದ. ಆಮೇಲೆ ಅವನೇ ಕರೆದೊಯ್ದು ತೋರಿಸಿದ. ಮೂರು ಚಕ್ರ ಮನೆಯ ಮೆಟ್ಟಿಲ ಕೆಳಗೆ, ಬೆಡ್‌ಶೀಟ್ ಹೊದಿಸಿಕೊಂಡು ಇದ್ದವು. ನಾಲ್ಕನೆಯದು ಗೋವಿಂದರಾಜನಗರದ ವೆಲ್ಡಿಂಗ್ ಅಂಗಡಿಯಲ್ಲಿ ಸಿಕ್ಕಿತು. ಅಂಚು ಸೀಳಿತ್ತು, ರಸ್ತೆಯ ಡಾಂಬರು ಇನ್ನೂ ಅಂಟಿಕೊಂಡಿತ್ತು. ಸಿಡಿದ ಟೈರು ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ರಸ್ತೆಯ ಗೀರಿನಲ್ಲಿ ಸಿಕ್ಕಿದ ಬೆಳ್ಳಿ ಚೂರಿನ ಜೊತೆ ಎಲ್ಲವನ್ನೂ ಪ್ರಯೋಗಾಲಯಕ್ಕೆ ಕಳಿಸಲು ಸೀಲ್ ಮಾಡತೊಡಗಿದರು.

"ಇದನ್ನ ಯಾಕೆ ಬಿಸಾಕಲಿಲ್ಲ?" ಲಕ್ಷ್ಮಿ ಕೇಳಿದರು. ಕೆರೆಗೆಸೆದಿದ್ದರೆ ಸಾಕ್ಷ್ಯ ಅಷ್ಟು ದುರ್ಬಲವಾಗುತ್ತಿತ್ತು.

"ನಾಲ್ಕರ ಸೆಟ್ಟು ಮೇಡಂ. ಈ ಡಿಸೈನ್ ಈಗ ಬರಲ್ಲ." ಯಶ್ವಂತ್ ಸೀಳಿದ ಅಂಚಿನ ಮೇಲೆ ಬೆರಳಾಡಿಸಿದ. "ಮನಸ್ಸು ಬರ್ಲಿಲ್ಲ."

ಸಾಯುವಾಗ ಮುತ್ತವ್ವನ ತಲೆ ಹಿಡಿದುಕೊಂಡಿದ್ದವಳು ಪಾರವ್ವ. ಹೆಣ ಶವಾಗಾರಕ್ಕೆ ಹೋಗುವ ಹೊತ್ತಿಗೆ ಇವನು ಅಂಗಳದಲ್ಲಿ ದೊಡ್ಡಪತ್ರೆ ಕೊಡವುತ್ತಿದ್ದ. ಲಕ್ಷ್ಮಿ ಚಕ್ರವನ್ನು ಅವನ ಬೆರಳ ಕೆಳಗಿನಿಂದ ಎಳೆದುಕೊಂಡರು.

ಗುರುವಾರ ಪಾರವ್ವ ತಾನಾಗಿಯೇ ಠಾಣೆಗೆ ಬಂದಳು. ಜೊತೆಗೆ ಐದು ಹೆಂಗಸರು. "ಬ್ಯಾರೆ ಏನೋ ಸಿಕ್ಕೈತಂತಲ್ಲ. ಈಗ ಬರಕೋರಿ," ಎಂದಳು. ಹಂಪಿನ ವಿಷಯ ಆರೂ ಹೇಳಿಕೆಗಳಲ್ಲಿ ಬಂತು. ಗುರುಬಸಪ್ಪ ಸರ್ಕಾರಿ ವಕೀಲರಿಗೆ ಮೊದಲು ತೋರಿಸಿದ್ದು ಅದನ್ನೇ. ಹಂಪ್ ಬಂದಾಗ ಜನರನ್ನು ಇಳಿಸುತ್ತಿದ್ದವನಿಗೆ ಜನರ ಭಾರಕ್ಕೆ ಗಾಡಿ ಏನಾಗುತ್ತದೆಂದು ಗೊತ್ತಿತ್ತು. ಸರಿಯಾದ ಟೈರನ್ನು ಒಮ್ಮೆ ಹಾಕಿ ತೆಗೆದವನಿಗೆ ತಾನು ತೆಗೆದದ್ದು ಏನೆಂದು ಗೊತ್ತಿತ್ತು. ಇದು ಬರೀ ಅಜಾಗರೂಕತೆಯಲ್ಲ. ಕಲಂ 105, ಕೊಲೆಯಲ್ಲದ ಮಾನವ ಹತ್ಯೆ. ಕಲಂ 238, ಸಾಕ್ಷ್ಯ ನಾಶ. ನ್ಯಾಯಾಲಯಕ್ಕೆ ಕೋರಿಕೆ ಸಲ್ಲಿಸಿ ಕಲಂಗಳನ್ನು ಸೇರಿಸಿದರು. ಯಶ್ವಂತನನ್ನು ಅದೇ ದಿನ ದಸ್ತಗಿರಿ ಮಾಡಿದರು. ಚನ್ನಕೇಶವರು ಮೂರು ಪಕ್ಷದವರಿಂದ ಫೋನ್ ಮಾಡಿಸಿದರು. ಗುರುಬಸಪ್ಪ ಮೂವರಿಗೂ "ಆಯ್ತು ಸಾರ್" ಎಂದರು, ಏನೂ ಆಗಲಿಲ್ಲ.

ಜೀಪಿಗೆ ಹತ್ತುವ ಮೊದಲು ಯಶ್ವಂತ್ ಕೇಳದೆಯೇ ಮಾತಾಡಿದ.

"ಸಾರ್, ನಾನು ತಪ್ಪು ಲೆಕ್ಕ ಹಾಕಿಲ್ಲ. 315 ಇಂಟು ನಾಲ್ಕು, 1260. ಗಾಡಿ ತೂಕ 940. ಆರಾಮಾಗಿ ಹೊರುತ್ತೆ."

"ಗಾಡಿ 940. ಜನ?"

ಅವನು ನಿಜವಾಗಿಯೂ ಯೋಚಿಸಿದ. "ಫೋಟೋದಲ್ಲಿ ಗಾಡಿ ಖಾಲಿ ಇರುತ್ತೆ ಸಾರ್. ನಾನು ಖಾಲಿ ಗಾಡಿಗೆ ಹಾಕಿದ್ದೆ."

ಅವನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ. ಮುತ್ತವ್ವನ ಹೆಸರೂ ಎಫ್‌ಐಆರ್ ನೋಡುವವರೆಗೆ ಗೊತ್ತಿರಲಿಲ್ಲ. ಊರಿನ ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆಯಾಗಿ, ಮಾಡಲು ಏನೂ ಉಳಿಯದ ಮನೆಯಲ್ಲಿ ಅವನು ತನ್ನ ಕೈಯಿಂದ ಮಾಡಿದ ಒಂದೇ ಒಂದು ವಸ್ತು ಆ ವ್ಯಾನು. ಅದು ಭಾನುವಾರ ಚೆಂದ ಕಾಣಬೇಕಿತ್ತು. ವಾರದ ಉಳಿದ ದಿನ ಅದರೊಳಗೆ ಕೂರುವವರು ಅವನ ಕಣ್ಣಿಗೆ ಬಿದ್ದದ್ದು ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದಾಗ ಮಾತ್ರ.

ಮಣ್ಣು ಮುಗಿಸಿ ಅಮೀನಪ್ಪ ಊರಿಂದ ವಾಪಸ್ ಬಂದ. ಬಂದವನು ಮೊದಲು ಆಸ್ಪತ್ರೆಗೆ ಹೋದನಂತೆ. ಅಲ್ಲಿ ಏನಾಯಿತೆಂದು ಸ್ಟೂಲಿನ ಮೇಲಿದ್ದ ಕಾನ್‌ಸ್ಟೆಬಲ್ ಹೇಳಿದ: ಏನೂ ಆಗಲಿಲ್ಲ ಸಾರ್. ಭಾವ ತಂದಿದ್ದ ರೊಟ್ಟಿ ಮುರಿದು ಮುರಿದು ಕೊಟ್ಟ, ಇವನು ತಿಂದ.

ಆಮೇಲೆ ಅಮೀನಪ್ಪ ಠಾಣೆಗೆ ಬಂದು ಗುರುಬಸಪ್ಪನವರ ಮೇಜಿನ ಮುಂದೆ ನಿಂತ.

"ಆ ಕಾಗದ ಹರದ ಹಾಕ್ರಿ ಸಾಹೇಬ್ರ. ಅದು ನನ್ನ ಮಾತಲ್ಲ."

"ಎಫ್‌ಐಆರ್ ಹರಿಯೋಕೆ ಬರಲ್ಲ. ವೀರೇಶನ ಮೇಲಿನ ಆರೋಪ ಕೈಬಿಡೋಕೆ ಕೋರ್ಟಿಗೆ ಬರೆದಿದೀನಿ. ನೀವು ಮರುಹೇಳಿಕೆ ಕೊಡಬಹುದು."

"ಬರಕೋರಿ ಹಂಗಾದ್ರ."

ಠಾಣೆಯ ಬರಹಗಾರ ಅಭ್ಯಾಸದಂತೆ ‘ಸದರಿ ವಾಹನವು’ ಎಂದು ಶುರು ಮಾಡಿದ್ದ. ಗುರುಬಸಪ್ಪ ಅವನ ಕೈ ತಡೆದರು. "ಅವರು ಹೇಳಿದ ಹಾಗೇ ಬರಿ."

ಅಮೀನಪ್ಪ ಗೋಡೆ ನೋಡುತ್ತ, ಒಂದೊಂದೇ ಮಾತು ತೂಗಿ ಇಟ್ಟ.

"ನನ್ನ ಹೆಂಡ್ತಿ ದಿನಾ ಹಂಪ್ ಬಂದಲ್ಲೆಲ್ಲ ಇಳಿದು ನಡದಾಳ್ರಿ. ಎಲ್ಲಾರಕಿಂತ ಮೊದಲು ಇಳೀತಿದ್ಲು. ಅವತ್ತು ಆ ಜಾಗಾದಾಗ ಹಂಪ್ ಇರಲಿಲ್ರಿ."